ಕಡೆಯುವ ಕಲ್ಲಿನ ಸುತ್ತ ಜಾಗ ಮಾಡಿ

ಇವರೇ, ನೀವು ರಬ್ಬರ್ ಟ್ಯಾಪಿಂಗ್ ಮುಗಿಸಿ ಬರುವಾಗ ನಾನೂ ಮಗಳೂ ಪಂಜದ ಬಸ್ಸಿನಲ್ಲಿರುತ್ತೇವೆ. ತಿಂಡಿ ಮುಚ್ಚಿಟ್ಟಿದ್ದೇನೆ.

ಪಂಜದ ನಿಮ್ಮ ಅಕ್ಕನ ಮನೆಯಿಂದ ನಮ್ಮ ಬೆಕ್ಕು ಬೊಳ್ಳಿಯ ಮರಿಯೊಂದನ್ನು ಇವತ್ತೇ ತರುತ್ತೇವೆ. ಪ್ರೀತಿಕಾಳ ಉಬ್ಬಸಕ್ಕೆ ಕಾರಣ ಬೆಕ್ಕಿನ ಕೂದಲಲ್ಲ, ಹೊಗೆ ಎಂದು ಪುತ್ತೂರಿನ ಡಾಕ್ಟರು ಹೇಳಿದ ಮೇಲೆ ನಾನು ನಿನ್ನೆ ಒಂದೇ ನಿದ್ದೆಗೆ ಬೆಳಗು ಮಾಡಿದೆ. ರಬ್ಬರ್ ಶೀಟಿನ ಹೊಗೆಗೂಡಿಗೆ ಇನ್ನು ಬೆಂಕಿ ಹಾಕಬೇಡಿ. ಶೀಟು ಬಿಸಿಲಿನಲ್ಲೇ ಒಣಗಲಿ.

ಬಾವಿಗೆ ಬಲೆ ಮುಚ್ಚಿ. ಮೀನಿನ ಪಾತ್ರೆಯನ್ನು ಮೇಲಿಡಿ. ಬುಟ್ಟಿಗೆ ಹಳೆಯ ಲುಂಗಿ ಹಾಸಿ, ಹೊಸತಲ್ಲ.

ಮಸಾಲೆ ಕಡೆಯುವ ಕಲ್ಲಿನ ಸುತ್ತ ನೀವು ಪೇರಿಸಿದ ಗೊಬ್ಬರದ ಚೀಲಗಳನ್ನು ಇವತ್ತಾದರೂ ತೆಗೆಯಿರಿ. ಮರಿಯನ್ನು ಎತ್ತಿಕೊಂಡು ಕಲ್ಲಿಗೆ ಮೂರು ಸುತ್ತು ಬಂದರೆ ಅದು ಮನೆ ಬಿಟ್ಟು ಹೋಗುವುದಿಲ್ಲವೆಂದು ಅತ್ತೆ ಮಾಡಿಸುತ್ತಿದ್ದರಲ್ಲ.

“ನೀನೇ ಸುತ್ತು ಬಾ” ಎಂದೆ ಪ್ರೀತಿಕಾಳಿಗೆ. ಬೊಳ್ಳಿಯನ್ನು ನೀವು ಗೋಣಿಯಲ್ಲಿ ಹಾಕಿ ಪಂಜಕ್ಕೆ ಬಿಟ್ಟುಬಂದ ದಿನದಿಂದ ನಿಮ್ಮ ಹತ್ತಿರ ನೆಟ್ಟಗೆ ಮಾತಾಡದವಳು ಎಂತ ಹೇಳಿದಳು ಗೊತ್ತುಂಟಾ?

“ನಾನು ಎಂತಕ್ಕಮ್ಮ? ಬೊಳ್ಳಿಯನ್ನು ಕೊಂಡೋದದ್ದು ಅಪ್ಪ ಅಲ್ವಾ? ಇದನ್ನು ಸುತ್ತು ತರುದೂ ಅಪ್ಪನೇ. ಮತ್ತೆ ಇದನ್ನು ಗೋಣಿಗೆ ಹಾಕ್ಲಿಕ್ಕೆ ಅವ್ರಿಗೇ ಮನಸ್ಸು ಬರುದಿಲ್ಲ.”

ಹೇಳಿ ನಕ್ಕಳು. ಎಷ್ಟು ಸಮಯವಾಗಿತ್ತು ಅವಳ ಬಾಯಲ್ಲಿ ‘ಅಪ್ಪ’ ಕೇಳದೆ.

ಹಾಗಾಗಿ ಇವತ್ತು ಪೇಟೆ ಕಡೆ ಹೋಗಬೇಡಿ. ಮರಿಯನ್ನು ನಿಮ್ಮ ಕೈಗೇ ಕೊಡುತ್ತಾಳಂತೆ.