ಅಮ್ಮ ಖಾಲಿ ಬಿಟ್ಟ ಪ್ರಶ್ನೆಗಳು

ಏಪ್ರಿಲ್ ೧೧, ಗುರುವಾರ.

ಅಮ್ಮನ ಪ್ರವೇಶ ಪರೀಕ್ಷೆ ಭಾನುವಾರ. ಇಷ್ಟು ವರ್ಷ ಕಂಡವರ ಬಟ್ಟೆ ಹೊಲಿದವಳು ಈಗ ನರ್ಸಿಂಗ್ ಓದಲು ಹೊರಟಿದ್ದಾಳೆ. ಓದಿದ್ದೆಲ್ಲ ತಲೆಯಲ್ಲಿದೆ, ಪರೀಕ್ಷೆಯ ರೀತಿಯೇ ಅವಳಿಗೆ ಒಗ್ಗುತ್ತಿಲ್ಲ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದರ ವೃತ್ತ ತುಂಬಬೇಕು, ತಪ್ಪಾದರೆ ಅಂಕ ಕಡಿತ. ಅಭ್ಯಾಸ ಪತ್ರಿಕೆಗಳಲ್ಲಿ ಅವಳು ಒಂದನ್ನೂ ಬಿಡದೆ ತುಂಬಿ, ಗಳಿಸಿದ್ದನ್ನೂ ಕಳೆದುಕೊಳ್ಳುತ್ತಿದ್ದಳು.

"ಗೊತ್ತಿಲ್ಲದ್ದನ್ನ ಬಿಟ್ಬಿಡಮ್ಮ" ಎಂದು ಇವತ್ತೂ ಗೋಗರೆದೆ.

"ಅಷ್ಟು ದೊಡ್ಡೋರು ಕೇಳ್ತಿರ್ತಾರೆ. ಬಾಯಿ ಮುಚ್ಕೊಂಡು ಕೂತ್ರೆ ಚೆನ್ನಾಗಿರುತ್ತಾ?"

ನನಗೆ ನಗು ತಡೆಯಲಾಗಲಿಲ್ಲ. "ತಿದ್ದೋದು ಮೆಷಿನ್ನಮ್ಮ. ಅದು ಬೇಜಾರು ಮಾಡ್ಕೊಳಲ್ಲ."

ಸಂಜೆಯ ಅಭ್ಯಾಸ ಪತ್ರಿಕೆಯಲ್ಲಿ ಅಮ್ಮ ಮೊದಲ ಸಲ ಒಂಬತ್ತು ಪ್ರಶ್ನೆ ಖಾಲಿ ಬಿಟ್ಟಳು. ಹೋದ ವರ್ಷ ಸೀಟು ಸಿಗಲು ಬೇಕಾಗಿದ್ದ ಅಂಕಕ್ಕಿಂತ ಹೆಚ್ಚೇ ಬಂತು. ನಾನು ಅವಳನ್ನು ತಬ್ಬಿಕೊಂಡು ಕುಣಿದುಬಿಟ್ಟೆ. ಅವಳು ಓರೆಯಾದ ಕನ್ನಡಕ ಸರಿಮಾಡಿಕೊಂಡು, "ಮೆಷಿನ್ನಿಗೆ ಬೇಡಾಂದ್ರೆ ಬೇಡ. ಆ ಒಂಬತ್ತರ ಉತ್ತರ ಏನು, ನಂಗೆ ಹೇಳು" ಎಂದಳು.

ಐದು ಮುಗಿದಿವೆ. ಆರನೆಯದು ನನಗೂ ಗೊತ್ತಿಲ್ಲ. ನನ್ನ ಕಣ್ಣು ಎಳೆಯುತ್ತಿದೆ, ಆದರೆ ನಾಳೆ ನೋಡೋಣ ಎಂದರೆ ಕೇಳುವವಳಲ್ಲ. ಪುಸ್ತಕ ಹಿಡಿದುಕೊಂಡು ಒಳಗಿನಿಂದ ಕರೆಯುತ್ತಿದ್ದಾಳೆ, ಹೋಗಬೇಕು.