ಶನಿವಾರದ ವಿಮಾನ

ನನ್ನ ಮುದ್ದಿನ ಯಜಮಾನರೇ,

ಮದುವೆಯಾಗಿ ಇಪ್ಪತ್ತು ದಿನವಾದರೂ ನಿಮ್ಮನ್ನು ಕಂಡರೆ ನನ್ನೆದೆ ಡವಗುಟ್ಟುತ್ತದೆ. ಈಗ ಮಾತ್ರ ಮೈಯೆಲ್ಲ ಉರಿಯುತ್ತಿದೆ. ಪದೇ ಪದೇ ಹಾರುವವರಿಗೆ ವಿಮಾನ ಕಂಪನಿ ಕೊಡುವ ಗೋಲ್ಡ್ ಕಾರ್ಡು ಉಳಿಸಿಕೊಳ್ಳಲು ಇನ್ನೊಂದು ಪ್ರಯಾಣ ಬೇಕೆಂದು ಶನಿವಾರ ಎಲ್ಲಿಗೋ ಹಾರಿ, ಅದೇ ವಿಮಾನದಲ್ಲಿ ವಾಪಸ್ಸು ಬರುತ್ತೀರಂತೆ. "ಗೋಲ್ಡ್ ಹೋದ್ರೆ ಲೌಂಜಿಗೆ ಬಿಡಲ್ಲ ಕಣೇ" ಅಂದಿರಿ.

ಹನಿಮೂನಿಗೆ ಹೊರಟ ದಿನ ನೀವು ಕಾರ್ಡು ತೋರಿಸಿ ಮೆತ್ತನೆಯ ಸೋಫಾ, ಪುಕ್ಕಟೆ ತಿಂಡಿ ಇರುವ ವಿಮಾನ ನಿಲ್ದಾಣದ ಆ ಲೌಂಜಿನೊಳಗೆ ಹೋದಿರಿ. ಕಾರ್ಡಿಲ್ಲದ ನಾನು ಒಂದು ಗಂಟೆ ಹೊರಗೆ ಕೂತೆ. ಪಕ್ಕದ ಅಜ್ಜಿ, "ಒಬ್ಳೇ ಹೊರಟಿದ್ದೀಯೇನಮ್ಮ?" ಎಂದು ಕೇಳಿದರು. "ಹೌದಜ್ಜಿ" ಅಂದೆ. ಹನಿಮೂನ್ ಎನ್ನಲು ಬಾಯಿ ಬರಲಿಲ್ಲ.

ಆ ಟಿಕೆಟ್ ರದ್ದು ಮಾಡಿ, ಶನಿವಾರ ನನ್ನ ಜೊತೆ ಮನೆಯಲ್ಲಿರಿ. ಹಾರಿಯೇ ತೀರುತ್ತೀರಾದರೆ ನಾನು ಅಕ್ಕನ ಮನೆಗೆ ಹೋಗುತ್ತೇನೆ. ಕೀಲಿ ಕೆಳಗಿನ ಮನೆಯವರ ಹತ್ತಿರ ಇರುತ್ತದೆ. ಕರೆಯಲು ಬರುವಾಗ ಬಸ್ಸಿನಲ್ಲಿ ಬನ್ನಿ.

ಇನ್ನೂ ನಿಮ್ಮವಳೇ ಆಗಿರುವ,
ಹೆಂಡತಿ