ಒಂಟಿ ಹಳಿಯ ಎರಡು ಗೆರೆ

ರೈಲ್ವೆ ಕಂಟ್ರೋಲ್ ರೂಮು,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ನನ್ನ ಪುಟ್ಟೀ,

ನಿನ್ನ ಮಾವನವರ ಜ್ವರ ಇಳಿಯಿತೇ? ದವಡೆಗೆ ತಂತಿ ಬಿಗಿದಿದ್ದಾರಂತೆ, ಮಾತಾಡಲು ತಿಂಗಳಾದರೂ ಬೇಕಂತೆ. ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ಉಪವಾಸ ಬೀಳಬೇಡ. ಕುಡಿದು ಗೂಡ್ಸ್ ಗಾಡಿ ಓಡಿಸಿದರು, ಬೇಕೆಂದೇ ನಿಧಾನ ಮಾಡಿದರು ಎಂದೆಲ್ಲ ಜನ ಆಡುವುದು ನಿನ್ನ ಕಿವಿಗೂ ಬಿದ್ದಿರಬೇಕು. ನಡೆದದ್ದನ್ನು ನನ್ನಿಂದಲೇ ಕೇಳು.

ಸೋಮವಾರ ಸಿಗ್ನಲ್ ಕೆಟ್ಟಿತ್ತು. ಇರುವುದು ಒಂಟಿ ಹಳಿ. ಫೋನಿನಲ್ಲಿ ಅಪ್ಪಣೆ ಕೊಟ್ಟು ಗಾಡಿ ಬಿಡುತ್ತಿದ್ದೆ. ನನ್ನ ಗ್ರಾಫ್ ಹಾಳೆ ನೆನಪಿದೆಯಲ್ಲ, ಚಿಕ್ಕವಳಿದ್ದಾಗ ಅದರ ಮೇಲೆ ಹಾಲು ಚೆಲ್ಲಿ ಬೈಸಿಕೊಂಡಿದ್ದೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ದೂರ, ಒಂದೊಂದು ಗಾಡಿಗೆ ಒಂದೊಂದು ಗೆರೆ. ಹತ್ತು ಗಂಟೆಗೆ ಮಾವನವರ ಗೂಡ್ಸ್ ಈ ತುದಿಯಿಂದ ಹೊರಟಿತು, ಮೂವತ್ತಾರು ಕಿಲೋಮೀಟರ್ ಆಚೆಯಿಂದ ಪ್ಯಾಸೆಂಜರ್. ಎರಡಕ್ಕೂ ಗಂಟೆಗೆ ಅರವತ್ತರಂತೆ ಗೆರೆ ಎಳೆದೆ. ಆ ಲೆಕ್ಕಕ್ಕೆ ಗೂಡ್ಸ್ ನಾಲ್ಕು ನಿಮಿಷ ಮೊದಲೇ ಹದಿನಾರನೇ ಕಿಲೋಮೀಟರಿನ ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕಿತ್ತು.

ಆರು ನಿಮಿಷ ಕಳೆದ ಮೇಲೆ ಮೂರನೇ ಕಿಲೋಮೀಟರಿನ ಗೇಟಿನವನು ಫೋನ್ ಮಾಡಿ, ಗೂಡ್ಸ್ ಈಗಷ್ಟೇ ದಾಟಿತು ಎಂದ. ಅಂದರೆ ಗಂಟೆಗೆ ಮೂವತ್ತು. ಹೊಸ ಗೆರೆ ಎಳೆದೆ. ಕಣ್ಣನ್ನು ನಂಬಲಾಗದೆ ಸಮೀಕರಣವನ್ನೂ ಬರೆದೆ: ಮೂವತ್ತಾರರಲ್ಲಿ ಅರವತ್ತು ಎಕ್ಸ್ ಕಳೆದರೆ ಮೂವತ್ತು ಎಕ್ಸ್. ಗೆರೆ ಹೇಳಿದ್ದನ್ನೇ ಅದೂ ಹೇಳಿತು. ಹತ್ತು ಗಂಟೆ ಇಪ್ಪತ್ತನಾಲ್ಕು ನಿಮಿಷ, ಹನ್ನೆರಡನೇ ಕಿಲೋಮೀಟರು, ಗುಡ್ಡ ಕಡಿದ ತಿರುವು.

ಹತ್ತನೇ ಕಿಲೋಮೀಟರಿನ ಗೇಟಿಗೆ ಫೋನ್ ಮಾಡಿ ಕೆಂಪು ಬಾವುಟ ಹಿಡಿದು ಓಡಲು ಹೇಳಿದೆ. ಆಚೆ ಕಡೆ ಫೋನಿರುವ ಗೇಟೊಂದೂ ಇಲ್ಲ, ಪ್ಯಾಸೆಂಜರಿಗೆ ತಿಳಿಸಲು ದಾರಿಯೇ ಇರಲಿಲ್ಲ. ಬಾವುಟ ಕಂಡು ಮಾವನವರು ಬ್ರೇಕ್ ಹಾಕಿ, ಸಹಾಯಕನನ್ನು ಕೆಳಕ್ಕೆ ತಳ್ಳಿ, ತಾವು ಇಳಿಯದೆ ಸೀಟಿ ಹೊಡೆಯುತ್ತಲೇ ಇದ್ದರು. ಅದನ್ನು ಕೇಳಿ ಎದುರಿನವನು ವೇಗ ತಗ್ಗಿಸಿದ. ಆದರೂ ಏಳು ಜನ ಹೋದರು.

ನಾನು ತಲುಪಿದಾಗ ಪ್ಯಾಸೆಂಜರಿನ ಮೊದಲ ಬೋಗಿ ಅದರ ಇಂಜಿನ್ ಮೇಲೆ ಹತ್ತಿ ಕೂತಿತ್ತು. ಕಿಟಕಿಯ ಸರಳಿಗೆ ಸಿಕ್ಕಿ ಒಂದು ಕೈ ನೇತಾಡುತ್ತಿತ್ತು, ಬರೀ ಕೈ. ಜನ ಮಾವನವರನ್ನು ಗೂಡ್ಸ್ ಇಂಜಿನ್ನಿನಿಂದ ಕಾಲು ಹಿಡಿದು ಹೊರಗೆಳೆದರು. ಒಬ್ಬ ಕಬ್ಬಿಣದ ಸಲಾಕೆಯಿಂದ ಮುಖಕ್ಕೆ ಬಾರಿಸಿದ. ಹಲ್ಲುಗಳು ಜಲ್ಲಿಯ ಮೇಲೆ ಬಿದ್ದವು. ಮತ್ತೆ ಬಾರಿಸಿದ. ಹತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ಬಿಡ್ರಪ್ಪಾ ಅನ್ನಲು ಬಾಯಿ ಬರಲಿಲ್ಲ. ಮಾವನವರು ನನ್ನನ್ನೇ ನೋಡುತ್ತಿದ್ದರು.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ
ಅಪ್ಪ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ಹೊರಡುವ ಮುಂಚೆ ಮಾವನವರು ನನಗೆ ಫೋನ್ ಮಾಡಿದ್ದರು. "ಬೀಗರೇ, ಲೋಡು ಜಾಸ್ತಿ, ಇವತ್ತು ಮೂವತ್ತರ ಮೇಲೆ ಓಡಲ್ಲ" ಅಂದರು. "ಆಯ್ತು, ಹೊರಡಿ" ಅಂದೆ. ಹಾಳೆಯ ಅಂಚಿನಲ್ಲಿ ಮೂವತ್ತು ಅಂತ ಗುರುತು ಹಾಕಿಯೂ ಇಟ್ಟೆ. ಕೈ ಮಾತ್ರ ರೂಢಿಯಂತೆ ಅರವತ್ತಕ್ಕೆ ಎಳೆಯಿತು. ಆ ಹಾಳೆ ಈ ಲಕೋಟೆಯಲ್ಲೇ ಇದೆ. ವಿಚಾರಣೆಯವರಿಗೆ ನೀನೇ ಕೊಡು. ನನ್ನ ಹತ್ತಿರ ಇದ್ದರೆ ಹರಿದುಹಾಕಿಬಿಡುತ್ತೇನೆ.